ಹಳೆಯ ಡೆಸ್ಕ್‌ಟಾಪ್‌ನ ಹಾರ್ಡ್ ಡಿಸ್ಕ್ ಎಚ್ಚರಿಕೆ ಕೊಡುತ್ತಿದೆ: ಎಸ್‌ಎಸ್‌ಡಿಗೆ ಹೋಗುವ ಮುನ್ನ ಏನು ಮಾಡಬೇಕು?

ಲೆಕ್ಕದಪುಸ್ತಕ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2012ರ ಡೆಸ್ಕ್‌ಟಾಪ್ ಇದೆ. 1 ಟಿಬಿ ಹಾರ್ಡ್ ಡಿಸ್ಕ್, 4 ಜಿಬಿ ರ‍್ಯಾಮ್, ವಿಂಡೋಸ್ 10. ಆನ್ ಮಾಡಿದ ಮೇಲೆ ಬಹಳ ಹೊತ್ತು ಡಿಸ್ಕ್‌ನ ದೀಪ ಉರಿಯುತ್ತಲೇ ಇರುತ್ತದೆ. ಈಚೆಗೆ ಕೆಲವು ಫೋಲ್ಡರ್ ತೆರೆದರೆ ಇಡೀ ಯಂತ್ರ ಸ್ತಬ್ಧವಾಗಿ, ಸ್ವಲ್ಪ ಸಮಯದ ನಂತರ ತಾನಾಗಿಯೇ ಸರಿಹೋಗುತ್ತದೆ. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ತಂತ್ರಾಂಶ ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸುತ್ತಿದೆ. ಸಿ5 ಎಂಬ ಸಾಲಿನ ಮುಂದೆ 18 ಎಂದಿದೆ, 05ರ ಮುಂದೆ ಸೊನ್ನೆ.

500 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್; ಸಾಟಾ ಎಂದರೆ ಅದನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಬಗೆ) ತಂದಿಟ್ಟಿದ್ದೇನೆ. ಡಿಸ್ಕ್‌ನಲ್ಲಿ ಸಿ ಪಾರ್ಟಿಷನ್ 120 ಜಿಬಿ, ಉಳಿದದ್ದೆಲ್ಲ ಡಿ. ಒಟ್ಟು ಬಳಸಿರುವುದು 380 ಜಿಬಿಯಷ್ಟು. ಅದರಲ್ಲಿ ಹಲವು ವರ್ಷಗಳ ಲೆಕ್ಕಪತ್ರ, ಕುಟುಂಬದ ಫೋಟೋಗಳು, ತಂದೆಯವರ ಧ್ವನಿಮುದ್ರಣಗಳಿವೆ. ನೇರವಾಗಿ ಕ್ಲೋನ್ ಮಾಡಿ, ಅಂದರೆ ಡಿಸ್ಕ್ ಅನ್ನು ಇದ್ದಹಾಗೆಯೇ ಎಸ್‌ಎಸ್‌ಡಿಗೆ ನಕಲಿಸಿಬಿಡಲೇ? ಮೊದಲು ಡಿಸ್ಕ್ ಚೆಕ್ ಓಡಿಸಿ ದೋಷ ಸರಿಪಡಿಸಬೇಕೇ?

ಬೆಸುಗೆ

ಎರಡೂ ಬೇಡ. ದಯವಿಟ್ಟು ಡಿಸ್ಕ್ ಚೆಕ್ ಅನ್ನು ಈಗ ಮುಟ್ಟಬೇಡಿ.

ಸಿ5 ಎಂದರೆ ಓದಲು ಆಗದೆ ಬಾಕಿ ಉಳಿದಿರುವ ಸೆಕ್ಟರ್‌ಗಳ, ಅಂದರೆ ಡಿಸ್ಕ್‌ನ ಪುಟ್ಟ ಪುಟ್ಟ ಜಾಗಗಳ ಎಣಿಕೆ. ಆ ಜಾಗದಲ್ಲಿರುವುದನ್ನು ಡಿಸ್ಕ್ ಮತ್ತೆ ಮತ್ತೆ ಓದಲು ಯತ್ನಿಸುತ್ತದೆ, ನಿಮ್ಮ ಯಂತ್ರ ಸ್ತಬ್ಧವಾಗುವುದು ಆ ಹೊತ್ತಿನಲ್ಲಿಯೇ. ಮುಂದೆ ಯಾವಾಗಲಾದರೂ ಅದೇ ಜಾಗಕ್ಕೆ ಹೊಸದಾಗಿ ಬರೆದಾಗ, ಜಾಗ ನಿಜವಾಗಿಯೂ ಕೆಟ್ಟಿದ್ದರೆ ಡಿಸ್ಕ್ ಅದನ್ನು ಕೈಬಿಟ್ಟು ಮೀಸಲು ಸೆಕ್ಟರ್ ಬಳಸುತ್ತದೆ. ಆಗ 05ರ ಎಣಿಕೆ ಏರುತ್ತದೆ. ಇನ್ನೊಂದು ಮಾತು: ಆ ತಂತ್ರಾಂಶ ಈ ಅಂಕಿಗಳನ್ನು ಹದಿನಾರರ ಪದ್ಧತಿಯಲ್ಲಿ ತೋರಿಸುತ್ತದೆ. ನೀವು ನೋಡಿದ 18 ನಮ್ಮ ಲೆಕ್ಕದಲ್ಲಿ 24. ಡಿಸ್ಕ್‌ನ ಭೌತಿಕ ಸೆಕ್ಟರ್ 4096 ಬೈಟ್‌ನದಾಗಿದ್ದರೆ, 512 ಬೈಟ್‌ನ 24 ಸೆಕ್ಟರ್ ಎಂದರೆ ಬಹುಶಃ ಮೂರೇ ಜಾಗ. ಅಂದರೆ ಹಾನಿ ಇನ್ನೂ ಚಿಕ್ಕದು, ನಿಮಗೆ ಸಮಯವಿದೆ. ಆದರೆ ಆ ಸಮಯವನ್ನು ಡಿಸ್ಕ್ ಚೆಕ್‌ಗೆ ಖರ್ಚು ಮಾಡಬಾರದು. ಅದು ಡಿಸ್ಕ್‌ನ ಮೂಲೆ ಮೂಲೆಯನ್ನೂ ಓದಿಸಿ ದಣಿಸುತ್ತದೆ. ಜೊತೆಗೆ ಫೈಲ್ ವ್ಯವಸ್ಥೆಯನ್ನು ಸರಿಪಡಿಸುವ ಭರದಲ್ಲಿ, ತನಗೆ ಅರ್ಥವಾಗದ ದಾಖಲೆಗಳನ್ನು ಕತ್ತರಿಸಿ ಹಾಕುತ್ತದೆ. ಪ್ರತಿ ಇಲ್ಲದ ಡಿಸ್ಕ್‌ನ ಮೇಲೆ ಏನನ್ನೂ ದುರಸ್ತಿ ಮಾಡಬಾರದು.

ಕ್ಲೋನ್ ಕೂಡ ಮೊದಲ ಹೆಜ್ಜೆಯಲ್ಲ. ಕ್ಲೋನ್ ಅರ್ಧದಲ್ಲಿ ನಿಂತರೆ ನಿಮ್ಮ ಕೈಯಲ್ಲಿ ಉಳಿಯುವುದು ಬೂಟ್ ಆಗದ ಎಸ್‌ಎಸ್‌ಡಿ ಮತ್ತು ಮೊದಲಿಗಿಂತ ದಣಿದ ಹಾರ್ಡ್ ಡಿಸ್ಕ್. ಮೊದಲು ಒಂದು ಹೊರಗಿನ ಡಿಸ್ಕ್‌ಗೆ, ಕಳೆದುಹೋದರೆ ಮತ್ತೆ ಎಲ್ಲಿಯೂ ಸಿಗದ ಫೈಲ್‌ಗಳನ್ನು ನಕಲು ಮಾಡಿ. ಧ್ವನಿಮುದ್ರಣ ಮೊದಲು, ಲೆಕ್ಕಪತ್ರ ನಂತರ, ಫೋಟೋ ಅದರ ನಂತರ. ಸಿನಿಮಾ, ಇನ್‌ಸ್ಟಾಲ್ ಮಾಡುವ ಕಡತಗಳು ಕೊನೆಗೆ. ಟಕ್ ಟಕ್ ಸದ್ದು ಏನಾದರೂ ಕೇಳಿಸಿತೇ? ಕೇಳಿಸಿದ್ದರೆ ಆನ್ ಮಾಡಲೇಬೇಡಿ, ಇಲ್ಲಿ ತಿಳಿಸಿ.

ಲೆಕ್ಕದಪುಸ್ತಕ

ಸದ್ದು ಇಲ್ಲ. 2 ಟಿಬಿಯ ಹೊರಗಿನ ಡಿಸ್ಕ್ ಇದೆ, ಇಂದೇ ನಕಲು ಶುರು ಮಾಡುತ್ತೇನೆ.

ನಡುವೆ ಒಂದು ಅನುಮಾನ. ನನ್ನ ಮದರ್‌ಬೋರ್ಡ್‌ನಲ್ಲಿ ಖಾಲಿ ಇರುವುದು ಸಾಟಾ 2 ಪೋರ್ಟ್ ಮಾತ್ರ. ಎಸ್‌ಎಸ್‌ಡಿಯ ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 550 ಎಂಬಿ ಎಂದಿದೆ. ಇಷ್ಟು ಹಳೆಯ ಯಂತ್ರಕ್ಕೆ ಅದು ದಂಡವೇ?

ಪೆಂಗ್ವಿನ್‌ಪ್ರಿಯ

ದಂಡವಲ್ಲ. ಪೆಟ್ಟಿಗೆಯ ಮೇಲಿನ ಅಂಕಿ ಒಂದೇ ದೊಡ್ಡ ಫೈಲನ್ನು ಸಾಲಾಗಿ ಓದುವ ವೇಗ. ವಿಂಡೋಸ್ ಶುರುವಾಗುವಾಗ ನಡೆಯುವ ಕೆಲಸವೇ ಬೇರೆ: ಸಾವಿರಾರು ಚಿಕ್ಕ ತುಣುಕುಗಳನ್ನು ಡಿಸ್ಕ್‌ನ ಬೇರೆ ಬೇರೆ ಕಡೆಯಿಂದ ಹೆಕ್ಕಿ ತರಬೇಕು.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 8.33 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅದರ ಅರ್ಧ, ಅಂದರೆ ನಾಲ್ಕು ಮಿಲಿಸೆಕೆಂಡ್ ಚಿಲ್ಲರೆ. ಮುಳ್ಳು ಪಕ್ಕಕ್ಕೆ ಸರಿಯಲು ಇನ್ನೊಂದು ಎಂಟೊಂಬತ್ತು. ಒಟ್ಟು ಹದಿಮೂರರ ಆಸುಪಾಸು. ಹಾಗಾದರೆ ಸೆಕೆಂಡಿಗೆ ಎಂಬತ್ತರ ಒಳಗೇ ತುಣುಕುಗಳು. ಒಂದೊಂದು ತುಣುಕು 4 ಕೆಬಿ ಎಂದರೆ ಸೆಕೆಂಡಿಗೆ 320 ಕೆಬಿಯೂ ದಾಟುವುದಿಲ್ಲ! ಎಸ್‌ಎಸ್‌ಡಿಯಲ್ಲಿ ಅದೇ ತುಣುಕು ಸುಮಾರು 0.1 ಮಿಲಿಸೆಕೆಂಡಿನಲ್ಲಿ ಬರುತ್ತದೆ. ಸಾಟಾ 2ರ ಮಿತಿ ಸೆಕೆಂಡಿಗೆ 300 ಎಂಬಿ. ಈ ಚಿಕ್ಕ ತುಣುಕುಗಳ ಕೆಲಸದಲ್ಲಿ ನೀವು ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ನನ್ನ ಮಟ್ಟಿಗೆ ಹಳೆಯ ಯಂತ್ರಕ್ಕೆ ಇದಕ್ಕಿಂತ ಸಾರ್ಥಕವಾದ ಬದಲಾವಣೆ ಇನ್ನೊಂದಿಲ್ಲ. ಹಾಗೆಂದು ಪ್ರೊಸೆಸರ್ ಮೇಲೆ ಬೀಳುವ ಭಾರ ಇದರಿಂದ ಇಳಿಯುವುದಿಲ್ಲ. ಹೆಚ್ಚು ಸ್ಪಷ್ಟತೆಯ ವೀಡಿಯೊ ಈಗ ತಡವರಿಸುತ್ತಿದ್ದರೆ ಮುಂದೆಯೂ ತಡವರಿಸುತ್ತದೆ.

ರ‍್ಯಾಮ್ ಅನ್ನು 8 ಜಿಬಿಗೆ ಏರಿಸಲು ಸಾಧ್ಯವಾದರೆ ಅದನ್ನೂ ಮಾಡಿ. ನಾಲ್ಕೇ ಜಿಬಿ ಇದ್ದಾಗ ವಿಂಡೋಸ್ ಮತ್ತೆ ಮತ್ತೆ ಡಿಸ್ಕ್‌ನ ಮೊರೆ ಹೋಗುತ್ತಲೇ ಇರುತ್ತದೆ.

ಲೆಕ್ಕದಪುಸ್ತಕ

ಧ್ವನಿಮುದ್ರಣ, ಲೆಕ್ಕಪತ್ರ ಎರಡೂ ಬಂದವು. ಫೋಟೋಗಳ ಒಂದು ಫೋಲ್ಡರ್‌ನಲ್ಲಿ ನಕಲು ನಿಂತುಬಿಟ್ಟಿದೆ. ಎಳೆದು ಬಿಡುವುದನ್ನು ಬಿಟ್ಟು ವಿಂಡೋಸ್‌ನ ನಕಲು ಆಜ್ಞೆ ರೋಬೊಕಾಪಿ ಬಳಸಿದೆ, ಅದೂ ಅಲ್ಲಿಯೇ ನಿಂತಿದೆ.

ಬೆಸುಗೆ

ರೋಬೊಕಾಪಿ ನಿಂತಿಲ್ಲ, ಹಟ ಹಿಡಿದಿದೆ. ನೀವು ಬೇರೇನೂ ಹೇಳದಿದ್ದರೆ ಅದು ಓದಲಾಗದ ಫೈಲನ್ನು 10 ಲಕ್ಷ ಸಲ ಮತ್ತೆ ಯತ್ನಿಸುತ್ತದೆ, ಪ್ರತಿ ಸಲದ ನಡುವೆ 30 ಸೆಕೆಂಡ್ ಕಾಯುತ್ತದೆ. ಕೆಡುತ್ತಿರುವ ಡಿಸ್ಕ್‌ಗೆ ಇದಕ್ಕಿಂತ ಕ್ರೂರವಾದ ಶಿಕ್ಷೆ ಇಲ್ಲ. ಕೂಡಲೇ ನಿಲ್ಲಿಸಿ. ಮರುಯತ್ನದ ಆಯ್ಕೆಯನ್ನು ಸೊನ್ನೆಗೆ ಇಟ್ಟು, ದಾಖಲೆ ಬರೆಯುವ ಆಯ್ಕೆಯನ್ನೂ ಸೇರಿಸಿ ಮತ್ತೆ ಓಡಿಸಿ. ಓದಲಾಗದ್ದನ್ನು ಬಿಟ್ಟು ಮುಂದೆ ಹೋಗುತ್ತದೆ, ಬಿಟ್ಟದ್ದರ ಹೆಸರು ದಾಖಲೆಯಲ್ಲಿ ಉಳಿಯುತ್ತದೆ. ಮೊದಲು ಆರೋಗ್ಯವಾಗಿರುವುದನ್ನೆಲ್ಲ ದಡ ಸೇರಿಸಿ. ಉಳಿದ ಆ ಕೆಲವಕ್ಕೆ ಕೊನೆಯಲ್ಲಿ ಬೇರೆ ಉಪಾಯವಿದೆ.

ಪೆಂಗ್ವಿನ್‌ಪ್ರಿಯ

ಆ ಉಪಾಯದ ಹೆಸರು ಗ್ನು ಡಿಡಿರೆಸ್ಕ್ಯೂ, ಕೆಡುತ್ತಿರುವ ಡಿಸ್ಕ್‌ನಿಂದ ಮಾಹಿತಿ ಎತ್ತುವ ತಂತ್ರಾಂಶ. ಇನ್‌ಸ್ಟಾಲ್ ಮಾಡದೆಯೇ ಓಡುವ ಲಿನಕ್ಸ್‌ನ ಲೈವ್ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಬೂಟ್ ಮಾಡಿ, ಡಿ ಪಾರ್ಟಿಷನ್ ಅನ್ನು ಪೂರ್ತಿಯಾಗಿ ಹೊರಗಿನ ಡಿಸ್ಕ್‌ನಲ್ಲಿ ಒಂದೇ ದೊಡ್ಡ ಇಮೇಜ್ ಫೈಲ್ ಆಗಿ ಇಳಿಸಿಕೊಳ್ಳಿ. ಆ ಡಿಸ್ಕ್ ಫ್ಯಾಟ್32 ಮಾದರಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ಮೊದಲೇ ನೋಡಿಕೊಳ್ಳಿ.

ಇದರ ಜಾಣತನ ಇರುವುದು ಕೆಲಸದ ಕ್ರಮದಲ್ಲಿ. ಸುಲಭವಾಗಿ ಓದಬಹುದಾದ ಭಾಗಗಳನ್ನೆಲ್ಲ ಮೊದಲು ವೇಗವಾಗಿ ತೆಗೆದುಕೊಳ್ಳುತ್ತದೆ. ತೊಂದರೆ ಕಂಡಲ್ಲಿ ಜಿಗಿದು ಮುಂದೆ ಹೋಗುತ್ತದೆ, ಆಮೇಲೆ ಹಿಂತಿರುಗಿ ಆ ಜಾಗಗಳ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಕೆರೆಯುತ್ತದೆ. ಎಲ್ಲಿಯವರೆಗೆ ಆಯಿತು ಎಂಬುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುವುದರಿಂದ, ನಡುವೆ ನಿಲ್ಲಿಸಿ ಡಿಸ್ಕ್ ತಣ್ಣಗಾದ ಮೇಲೆ ಮುಂದುವರಿಸಬಹುದು. ಆ ಫೈಲ್ ಕೊಡದೆ ಓಡಿಸಬೇಡಿ.

ಒಂದು ವಿಷಯದಲ್ಲಿ ಮಾತ್ರ ಎದೆಗಟ್ಟಿ ಮಾಡಿಕೊಂಡು ಎರಡು ಸಲ ಪರೀಕ್ಷಿಸಿ. ಯಾವುದು ಮೂಲ, ಯಾವುದು ಗುರಿ? ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಅಕ್ಷರಗಳು ಪ್ರತಿ ಬೂಟ್‌ಗೂ ಅದಲುಬದಲಾಗಬಹುದು. ಡಿಸ್ಕ್‌ನ ಗಾತ್ರ ಮತ್ತು ಕ್ರಮಸಂಖ್ಯೆಯನ್ನು ಮೇಲಿನ ಚೀಟಿಯೊಂದಿಗೆ ಹೋಲಿಸಿದ ಮೇಲೆಯೇ ಎಂಟರ್ ಒತ್ತಿ.

ಛಾಯಾಪೆಟ್ಟಿಗೆ

ಫೋಟೋ ವಿಷಯದಲ್ಲಿ ನನ್ನದೊಂದು ಮಾತು. ನಕಲು ಮುಗಿದ ಮೇಲೆ ಫೋಲ್ಡರ್ ತೆರೆದು, ಪುಟ್ಟ ಚಿತ್ರಗಳು ಕಾಣಿಸಿದವೆಂದು ನೆಮ್ಮದಿಯಿಂದ ಕೂರಬೇಡಿ. ಕ್ಯಾಮೆರಾಗಳು ಜೆಪೆಗ್ ಫೈಲ್‌ನ ಆರಂಭದಲ್ಲಿಯೇ ಒಂದು ಪುಟ್ಟ ಪ್ರತಿಯನ್ನು ಸೇರಿಸಿರುತ್ತವೆ. ಒಳಗಿನ ಚಿತ್ರ ಅರ್ಧಕ್ಕೇ ತುಂಡಾಗಿದ್ದರೂ ಆ ಪುಟ್ಟ ಪ್ರತಿ ಲಕ್ಷಣವಾಗಿ ಕಾಣುತ್ತದೆ. ಪೂರ್ತಿ ಗಾತ್ರದಲ್ಲಿ ತೆರೆದಾಗ ಮಾತ್ರ ಕೆಳಭಾಗ ಬೂದು ಬಣ್ಣದ ಪಟ್ಟಿಯಾಗಿರುವುದು ಗೊತ್ತಾಗುತ್ತದೆ. ಎಲ್ಲವನ್ನೂ ತೆರೆಯಲು ಸಾಧ್ಯವಿಲ್ಲ ನಿಜ. ಓದಲಾಗದ ಪಟ್ಟಿಯಲ್ಲಿ ಬಂದ ಫೋಲ್ಡರ್‌ಗಳನ್ನಾದರೂ ಪೂರ್ತಿ ನೋಡಿ. ಉಳಿದವುಗಳಿಗೆ ಶಾ-256 ಮೊತ್ತವನ್ನು (ಫೈಲ್‌ನ ಒಳಗಿರುವುದರಿಂದ ಲೆಕ್ಕಹಾಕುವ, ಸ್ವಲ್ಪ ಬದಲಾದರೂ ಬೇರೆಯಾಗುವ ಗುರುತು) ಎರಡೂ ಕಡೆ ತೆಗೆದು ಹೋಲಿಸುವ ತಂತ್ರಾಂಶಗಳಿವೆ. ಆದರೆ ಹಾಗೆ ಹೋಲಿಸಲು ಹಳೆಯ ಡಿಸ್ಕ್‌ನ ಎಲ್ಲವನ್ನೂ ಇನ್ನೊಮ್ಮೆ ಓದಬೇಕಾಗುತ್ತದೆ. ಆದ್ದರಿಂದ ನಿಮ್ಮ ಸ್ಥಿತಿಯಲ್ಲಿ ನಾನು ಮೊದಲ ಪ್ರತಿಯಿಂದ ಎರಡನೆಯ ಪ್ರತಿ ಮಾಡುವಾಗ ಮಾತ್ರ ಹೋಲಿಸುತ್ತೇನೆ.

ಹೌದು, ಎರಡನೆಯ ಪ್ರತಿ ಬೇಕು. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಸೂತ್ರ ಇದು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಹೊರಗಿನ ಡಿಸ್ಕ್ ಒಂದೇ ಇದ್ದು ಹಳೆಯ ಡಿಸ್ಕ್ ಸತ್ತರೆ, ನಿಮ್ಮ ಬಳಿ ಉಳಿಯುವುದು ಒಂದೇ ಪ್ರತಿ. ಅದನ್ನು ಬ್ಯಾಕಪ್ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಲೆಕ್ಕದಪುಸ್ತಕ

ಡಿಡಿರೆಸ್ಕ್ಯೂ ಕೆಲಸ ಮಾಡಿತು. ಕೊನೆಯಲ್ಲಿ ಓದಲಾಗದೆ ಉಳಿದದ್ದು 4 ಕೆಬಿ ಮಾತ್ರ. ಒಂದು ಫೋಟೋದ ಕೆಳಭಾಗ ಹೋಗಿದೆ, ಉಳಿದವೆಲ್ಲ ಪೂರ್ತಿ ತೆರೆದುಕೊಂಡವು. ಧ್ವನಿಮುದ್ರಣಗಳನ್ನು ಒಂದೊಂದಾಗಿ ಕೇಳಿದೆ, ಎಲ್ಲವೂ ಇವೆ. ನಿಮಗೆಲ್ಲ ಹೇಗೆ ಕೃತಜ್ಞತೆ ಹೇಳಲಿ ತಿಳಿಯುತ್ತಿಲ್ಲ.

ಈಗ ಮುಂದಿನ ಪ್ರಶ್ನೆ. ಎಸ್‌ಎಸ್‌ಡಿಗೆ ಹೊಸದಾಗಿ ವಿಂಡೋಸ್ ಹಾಕುವುದೇ, ಸಿ ಪಾರ್ಟಿಷನ್ ಕ್ಲೋನ್ ಮಾಡುವುದೇ?

ಛಾಯಾಪೆಟ್ಟಿಗೆ

ಹೊಸದಾಗಿ ಹಾಕಿ. ಇಷ್ಟು ವರ್ಷಗಳ ಕಸವನ್ನು ಹೊಸ ಡಿಸ್ಕ್‌ಗೆ ಹೊತ್ತು ತರುವುದು ಏಕೆ?

ಬೆಸುಗೆ

ನಾನು ಒಪ್ಪುವುದಿಲ್ಲ, ಇವರ ವಿಷಯದಲ್ಲಿ ಅಂತೂ ಒಪ್ಪುವುದಿಲ್ಲ. ಲೆಕ್ಕದ ತಂತ್ರಾಂಶದ ಮೂಲ ಸಿ.ಡಿ. ಇದೆಯೇ, ಅದರ ಪರವಾನಗಿ ಸಂಖ್ಯೆ ಇದೆಯೇ ಎಂದು ಮೊದಲು ಕೇಳಬೇಕು. ಹೊಸದಾಗಿ ಹಾಕುವವರು ಮರೆಯುವ ಸಂಗತಿಗಳು ಬಹಳ. ಕ್ರೋಮ್ ಉಳಿಸಿಕೊಂಡಿರುವ ಪಾಸ್‌ವರ್ಡ್‌ಗಳು ನಿಮ್ಮ ವಿಂಡೋಸ್ ಖಾತೆಗೆ ಬೆಸೆದ ಕೀಲಿಯಿಂದ ಗೂಢಲಿಪಿಯಾಗಿರುತ್ತವೆ. ಬರೀ ಫೋಲ್ಡರ್ ನಕಲು ಮಾಡಿ ಹೊಸ ವಿಂಡೋಸ್‌ಗೆ ತಂದರೆ ಅವು ತೆರೆಯುವುದಿಲ್ಲ, ಮೊದಲೇ ಎಕ್ಸ್‌ಪೋರ್ಟ್ ಮಾಡಬೇಕು. ಔಟ್‌ಲುಕ್‌ನ ಹಳೆಯ ಆವೃತ್ತಿಗಳ ಪಿಎಸ್‌ಟಿ (ಇಮೇಲ್) ಫೈಲ್, ಥಂಡರ್‌ಬರ್ಡ್‌ನ ಪ್ರೊಫೈಲ್, ಡಿಜಿಟಲ್ ಸಹಿಯ ಪ್ರಮಾಣಪತ್ರದ ಖಾಸಗಿ ಕೀಲಿ, ಇವು ಯಾವುವೂ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವಂತೆ ಇರುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪತ್ರಗಳಿದ್ದರೆ ಆ ಫಾಂಟ್ ಫೈಲ್‌ಗಳನ್ನೂ ತೆಗೆದಿಡಬೇಕು. ಇಲ್ಲವಾದರೆ ಪತ್ರ ಇರುತ್ತದೆ, ಓದಲು ಬರುವುದಿಲ್ಲ. ಡಿಸ್ಕ್‌ನ ಗುರುತಿಗೆ ಬೆಸೆದ ಪರವಾನಗಿಯ ತಂತ್ರಾಂಶವಿದ್ದರೆ, ಹಳೆಯ ಡಿಸ್ಕ್ ಓಡುತ್ತಿರುವಾಗಲೇ ಅದನ್ನು ಬಿಡುಗಡೆ ಮಾಡಿಸಿಕೊಳ್ಳಿ. ಕ್ಲೋನ್ ಮಾಡಿದರೂ ಇದು ತಪ್ಪುವುದಿಲ್ಲ.

ಲೆಕ್ಕದಪುಸ್ತಕ

ಲೆಕ್ಕದ ತಂತ್ರಾಂಶದ ಸಿ.ಡಿ. ಈಗ ಇಲ್ಲ. ಆ ಹಳೆಯ ಆವೃತ್ತಿ ಬೇರೆಲ್ಲಿಯೂ ಸಿಗುವುದಿಲ್ಲ.

ಬೆಸುಗೆ

ಹಾಗಾದರೆ ಕ್ಲೋನ್. ಅದೃಷ್ಟಕ್ಕೆ ಕೆಟ್ಟ ಜಾಗ ಡಿಯಲ್ಲಿದೆ, ಸಿ ಪೂರ್ತಿ ಓದಲು ಬರಬಹುದು. ಎಸ್‌ಎಸ್‌ಡಿ ತಯಾರಕರು ಕೊಡುವ ಕ್ಲೋನಿಂಗ್ ತಂತ್ರಾಂಶದಲ್ಲಿ ಪಾರ್ಟಿಷನ್ ಆರಿಸುವ ಅವಕಾಶ ಇದೆಯೇ ನೋಡಿ. ಸಿ ಮಾತ್ರ ಆರಿಸಿದರೆ ಸಾಲದು, ಅದರ ಮುಂದೆ ಇರುವ ಸಿಸ್ಟಂ ರಿಸರ್ವ್ಡ್ ಎಂಬ ಪುಟ್ಟ ಪಾರ್ಟಿಷನ್ ಕೂಡ ಬೇಕು. ಬೂಟ್ ಕಡತಗಳು ಇರುವುದು ಅಲ್ಲಿಯೇ. 500 ಜಿಬಿ ವಿಂಡೋಸ್‌ನಲ್ಲಿ 465 ಎಂದು ಕಾಣಿಸಿದರೆ ಗಾಬರಿ ಬೇಡ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಉಳಿದ ಜಾಗದಲ್ಲಿ ಹೊಸ ಪಾರ್ಟಿಷನ್ ಮಾಡಿ, ಅದಕ್ಕೂ ಡಿ ಅಕ್ಷರವನ್ನೇ ಕೊಟ್ಟು, ಫೈಲ್‌ಗಳನ್ನು ಹೊರಗಿನ ಡಿಸ್ಕ್‌ನಿಂದ ತನ್ನಿ, ಹಳೆಯ ಡಿಯಿಂದ ಅಲ್ಲ. ಬ್ಯಾಕಪ್‌ನಿಂದ ಮರಳಿ ತರಲು ಬರುತ್ತದೆಯೇ ಎಂಬ ಪರೀಕ್ಷೆಯೂ ಆ ಮೂಲಕ ಆಗುತ್ತದೆ.

ಮೊದಲ ಸಲ ಬೂಟ್ ಮಾಡುವಾಗ ಹಳೆಯ ಡಿಸ್ಕ್‌ನ ಕೇಬಲ್ ಕಿತ್ತಿಡಿ. ಕ್ಲೋನ್‌ಗೂ ಮೂಲಕ್ಕೂ ಒಂದೇ ಗುರುತಿನ ಸಂಖ್ಯೆ ಇರಬಹುದು. ಎರಡೂ ಒಟ್ಟಿಗೆ ಕಂಡರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ, ಅಥವಾ ನೀವು ಎಸ್‌ಎಸ್‌ಡಿಯಲ್ಲಿದ್ದೇನೆ ಎಂದುಕೊಂಡು ಹಳೆಯದರಲ್ಲಿಯೇ ಕೆಲಸ ಮಾಡುತ್ತಿರುತ್ತೀರಿ.

ಪೆಂಗ್ವಿನ್‌ಪ್ರಿಯ

ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ್ದವರು ಕ್ಲೋನ್‌ಗೆ ಮೊದಲು ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು ಮತ್ತು 48 ಅಂಕಿಗಳ ಮರಳಿಪಡೆಯುವ ಕೀಲಿಯನ್ನು ಕಾಗದದ ಮೇಲೆ ಬರೆದಿಡಬೇಕು. ಇವರಿಗೆ ಅನ್ವಯಿಸದಿದ್ದರೂ ಮುಂದೆ ಓದುವವರಿಗಾಗಿ ಹೇಳಿದೆ.

ಲೆಕ್ಕದಪುಸ್ತಕ

ಕ್ಲೋನ್ ಸಲೀಸಾಗಿ ಮುಗಿಯಿತು. ಪೆಟ್ಟಿಗೆ ಬಿಚ್ಚಿ ಧೂಳು ತೆಗೆದು, ಎಸ್‌ಎಸ್‌ಡಿ ಜೋಡಿಸಿ ಆನ್ ಮಾಡಿದರೆ ನೀಲಿ ಪರದೆ. ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಬರುತ್ತಿದೆ. ಕೇಬಲ್ ಬದಲಿಸಿ ನೋಡಿದೆ, ಅದೇ ಕಥೆ. ಕ್ಲೋನ್ ಕೆಟ್ಟಿತೇ? ಮತ್ತೆ ಮಾಡಲೇ?

ಬೆಸುಗೆ

ಮತ್ತೆ ಮಾಡಬೇಡಿ. ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ಬರುವ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟಗಳಿಗೆ) ಹೋಗಿ ಗಡಿಯಾರ ಎಷ್ಟು ತೋರಿಸುತ್ತಿದೆ ಎಂದು ನೋಡಿ ಹೇಳಿ.

ಲೆಕ್ಕದಪುಸ್ತಕ

2012ರ ಜನವರಿ 1!

ಬೆಸುಗೆ

ಎಣಿಸಿದ್ದೇ ಆಯಿತು. ಮದರ್‌ಬೋರ್ಡ್ ಮೇಲೆ ನಾಣ್ಯದ ಆಕಾರದ ಸಿಆರ್2032 ಬ್ಯಾಟರಿ ಇರುತ್ತದೆ, 3 ವೋಲ್ಟ್‌ನದು. ವಿದ್ಯುತ್ ಇಲ್ಲದಾಗ ಗಡಿಯಾರವನ್ನೂ ಬಯೋಸ್ ಸೆಟ್ಟಿಂಗ್‌ಗಳನ್ನೂ ಉಳಿಸುವುದು ಅದು. ಇಷ್ಟು ವರ್ಷಗಳಲ್ಲಿ ಅದು ಸೋತಿದೆ. ನೀವು ಪ್ಲಗ್ ಕಿತ್ತು ಧೂಳು ತೆಗೆಯುವಾಗ ಸೆಟ್ಟಿಂಗ್‌ಗಳೆಲ್ಲ ಮೂಲ ಸ್ಥಿತಿಗೆ ಮರಳಿವೆ. ನಿಮ್ಮ ಯಂತ್ರದ ಕಾಲದ ಅನೇಕ ಬೋರ್ಡ್‌ಗಳಲ್ಲಿ ಸಾಟಾದ ಮೂಲ ಸ್ಥಿತಿ ಐಡಿಇ, ಡಿಸ್ಕ್‌ನೊಂದಿಗೆ ಮಾತಾಡುವ ಹಳೆಯ ವಿಧಾನ. ನಿಮ್ಮ ವಿಂಡೋಸ್ ಎಎಚ್‌ಸಿಐ ಎಂಬ ಹೊಸ ವಿಧಾನದಲ್ಲಿ ಹಾಕಿದ್ದು, ಆದ್ದರಿಂದ ತನ್ನ ಡಿಸ್ಕ್ ಅದಕ್ಕೇ ಸಿಗುತ್ತಿಲ್ಲ. ಎಸ್‌ಎಸ್‌ಡಿಯ ತಪ್ಪೂ ಇಲ್ಲ, ಕ್ಲೋನ್‌ನ ತಪ್ಪೂ ಇಲ್ಲ. ಬ್ಯಾಟರಿ ಬದಲಿಸಿ, ದಿನಾಂಕ ಸರಿಮಾಡಿ, ಸಾಟಾ ವಿಧಾನವನ್ನು ಎಎಚ್‌ಸಿಐಗೆ ಇಟ್ಟು, ಬೂಟ್ ಕ್ರಮದಲ್ಲಿ ಎಸ್‌ಎಸ್‌ಡಿಯನ್ನು ಮೊದಲಿಗೆ ತನ್ನಿ.

ಹಳೆಯ ಯಂತ್ರದ ಪೆಟ್ಟಿಗೆ ಬಿಚ್ಚುವ ಯಾರೇ ಆಗಲಿ, ಬಿಚ್ಚುವ ಮೊದಲು ಬಯೋಸ್‌ನ ಪುಟಗಳನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಲೆಕ್ಕದಪುಸ್ತಕ

ಬಂತು! ಲಾಗಿನ್ ಪರದೆ ಬರುವುದರೊಳಗೆ ಕುರ್ಚಿ ಎಳೆದುಕೊಳ್ಳಲೂ ಆಗಲಿಲ್ಲ. ಲೆಕ್ಕದ ತಂತ್ರಾಂಶ ಹಾಗೆಯೇ ತೆರೆದುಕೊಂಡಿತು, ಎಲ್ಲ ವರ್ಷಗಳ ದಾಖಲೆಯೂ ಇದೆ. ಇನ್ನು ಡಿಫ್ರಾಗ್, ಅಂದರೆ ಚದುರಿದ ಫೈಲ್ ತುಣುಕುಗಳನ್ನು ಒಟ್ಟುಗೂಡಿಸುವ ಕೆಲಸ, ಮಾಡಬಾರದು ಎಂದು ಕೇಳಿದ್ದೇನೆ. ಬೇರೆ ಏನು ಗಮನಿಸಬೇಕು?

ಪೆಂಗ್ವಿನ್‌ಪ್ರಿಯ

ವಿಂಡೋಸ್ 10 ಇದು ಎಸ್‌ಎಸ್‌ಡಿ ಎಂದು ಗುರುತಿಸಿದರೆ, ಆಪ್ಟಿಮೈಸ್ ಎಂಬಲ್ಲಿ ಹಳೆಯ ಬಗೆಯ ಡಿಫ್ರಾಗ್ ಬದಲು ಟ್ರಿಮ್ (ಯಾವ ಜಾಗ ಇನ್ನು ಬೇಡ ಎಂಬ ಸೂಚನೆ) ಕಳಿಸುತ್ತದೆ. ಆ ಕಿಟಕಿ ತೆರೆದು ನಿಮ್ಮ ಡಿಸ್ಕ್‌ನ ಮುಂದೆ ಸಾಲಿಡ್ ಸ್ಟೇಟ್ ಡ್ರೈವ್ ಎಂದಿದೆಯೇ ನೋಡಿದರೆ ಸಾಕು. ಬರೆದು ಬರೆದು ಸವೆಯುತ್ತದೆ ಎಂಬ ಭಯವೂ ಬೇಡ. 500 ಜಿಬಿಯ ಸಾಮಾನ್ಯ ಎಸ್‌ಎಸ್‌ಡಿಯೊಂದಕ್ಕೆ, ಉದಾಹರಣೆಗೆ ಸ್ಯಾಮ್‌ಸಂಗ್ 870 ಇವೊಗೆ, ತಯಾರಕರ ಖಾತರಿ 300 ಟಿಬಿ ಬರೆಯುವವರೆಗೆ ಇದೆ. ದಿನಕ್ಕೆ 20 ಜಿಬಿ ಬರೆದರೂ ಅದು 40 ವರ್ಷಗಳ ಲೆಕ್ಕ.

ಇನ್ನು ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಕೇಳುವುದರಿಂದ ನಿಮ್ಮ ಯಂತ್ರಕ್ಕೆ ಸೇರದು. ಲೆಕ್ಕದ ಕೆಲಸವನ್ನು ಇಂಟರ್‌ನೆಟ್ ಇಲ್ಲದ ವಿಂಡೋಸ್‌ನಲ್ಲಿ ಇಟ್ಟುಕೊಂಡು, ಉಳಿದ ಓಡಾಟಕ್ಕೆ ಪಕ್ಕದಲ್ಲಿಯೇ ಲಿನಕ್ಸ್ ಹಾಕಿಕೊಳ್ಳಬಹುದು. ಬೇಕಾದರೆ ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಖಂಡಿತ ಬರುತ್ತೇನೆ.

ಬೆಸುಗೆ

ಟ್ರಿಮ್ ಮಾತು ಬಂದದ್ದು ಒಳ್ಳೆಯದಾಯಿತು. ಎಸ್‌ಎಸ್‌ಡಿಗೆ ಬಂದವರು ಬ್ಯಾಕಪ್‌ನ ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳುವುದನ್ನು ನೋಡಿ ನೋಡಿ ನನಗೆ ಬೇಸರವಾಗಿದೆ. ಈಗಲೇ ಅದು ಮೊದಲಿಗಿಂತ ಹೆಚ್ಚು ಬೇಕು. ಹಾರ್ಡ್ ಡಿಸ್ಕ್‌ನಲ್ಲಿ ಅಳಿಸಿದ ಫೈಲ್, ಅದರ ಜಾಗಕ್ಕೆ ಬೇರೇನಾದರೂ ಬರೆಯುವವರೆಗೆ ಅಲ್ಲಿಯೇ ಇರುತ್ತಿತ್ತು. ಅದನ್ನು ಮರಳಿ ತರುವ ತಂತ್ರಾಂಶಗಳು ಎಷ್ಟೋ ಜನರನ್ನು ಕಾಪಾಡಿವೆ. ಎಸ್‌ಎಸ್‌ಡಿಯಲ್ಲಿ ನೀವು ರೀಸೈಕಲ್ ಬಿನ್ ಖಾಲಿ ಮಾಡಿದರೆ, ಆ ಜಾಗ ಇನ್ನು ಬೇಡವೆಂದು ವಿಂಡೋಸ್ ಟ್ರಿಮ್ ಮೂಲಕ ತಿಳಿಸುತ್ತದೆ. ಡಿಸ್ಕ್ ತನ್ನ ಬಿಡುವಿನಲ್ಲಿ ಅದನ್ನು ನಿಜವಾಗಿಯೇ ಅಳಿಸಿಹಾಕುತ್ತದೆ. ಆಮೇಲೆ ಯಾವ ತಂತ್ರಾಂಶಕ್ಕೂ ಅಲ್ಲಿ ಏನೂ ಸಿಗುವುದಿಲ್ಲ. ಕೆಡುವ ರೀತಿಯೂ ಬೇರೆ. ನಿಮ್ಮ ಹಾರ್ಡ್ ಡಿಸ್ಕ್ ತಡವರಿಸಿ, ಹಳದಿ ತೋರಿಸಿ, ತಿಳಿಯುವಂತೆ ಕೆಟ್ಟಿತು. ಎಸ್‌ಎಸ್‌ಡಿಯ ನಿಯಂತ್ರಕ ಕೈಕೊಟ್ಟರೆ ಸಂಜೆ ಸರಿಯಾಗಿದ್ದದ್ದು ಬೆಳಗ್ಗೆ ಬಯೋಸ್‌ಗೇ ಕಾಣಿಸದೆ ಹೋಗಬಹುದು.

ಆದ್ದರಿಂದ ಹೊರಗಿನ ಡಿಸ್ಕ್‌ಗೆ ಲೆಕ್ಕಪತ್ರವನ್ನು ವಾರಕ್ಕೊಮ್ಮೆಯಾದರೂ ಹಾಕಿ. ಕೆಲಸ ಮುಗಿದ ಕೂಡಲೇ ಕೇಬಲ್ ಕಿತ್ತಿಡಿ. ಸದಾ ಜೋಡಿಸಿಟ್ಟ ಡಿಸ್ಕ್ ಅನ್ನು ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಸುಲಿಗೆ ವೈರಸ್ ಕೂಡ ತಲುಪುತ್ತದೆ.

ಲೆಕ್ಕದಪುಸ್ತಕ

ಅರ್ಥವಾಯಿತು. ಎರಡನೆಯ ಪ್ರತಿಗೆ ಇನ್ನೊಂದು ಎಸ್‌ಎಸ್‌ಡಿ ಕೊಂಡು ತುಂಬಿಸಿ, ಅಕ್ಕನ ಮನೆಯ ಬೀರುವಿನಲ್ಲಿ ಇಡಲೇ? ಹಳೆಯ ಹಾರ್ಡ್ ಡಿಸ್ಕ್ ಏನು ಮಾಡಲಿ?

ಬೆಸುಗೆ

ಬೀರುವಿನಲ್ಲಿ ಇಡುವುದಕ್ಕೆ ಹಾರ್ಡ್ ಡಿಸ್ಕ್ ಒಳ್ಳೆಯದು. ಎಸ್‌ಎಸ್‌ಡಿ ಮಾಹಿತಿಯನ್ನು ವಿದ್ಯುದಂಶವಾಗಿ ಹಿಡಿದಿಡುತ್ತದೆ, ವಿದ್ಯುತ್ ಇಲ್ಲದೆ ಬಿಟ್ಟರೆ ಅದು ನಿಧಾನವಾಗಿ ಸೋರುತ್ತದೆ. ಚಿಪ್ ಉದ್ಯಮಕ್ಕೆ ನಿಯಮ ರೂಪಿಸುವ ಜೆಡೆಕ್ ಸಂಸ್ಥೆಯ ಮಾನದಂಡ ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಯಿಂದ ಕೇಳುವುದು, ಬರೆಯುವ ಆಯಸ್ಸು ಪೂರ್ತಿ ತೀರಿದ ಮೇಲೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಹಿಡಿದಿಡಬೇಕೆಂದು ಮಾತ್ರ. ಹೊಸದು ಅದಕ್ಕಿಂತ ಬಹಳ ಕಾಲ ಹಿಡಿದಿಡುತ್ತದೆ, ಆದರೂ ಮರೆತು ಇಡುವ ಪ್ರತಿಗೆ ಅದನ್ನು ನಾನು ಆರಿಸುವುದಿಲ್ಲ.

ಹಳೆಯ ಡಿಸ್ಕ್ ಅನ್ನು ಈಗಲೇ ಅಳಿಸಬೇಡಿ. ಮೇಲೆ ದಿನಾಂಕ ಬರೆದು, ಯಾವುದಕ್ಕೂ ಜೋಡಿಸದೆ ತೆಗೆದಿಡಿ. ವರ್ಷಾಂತ್ಯದ ಲೆಕ್ಕ ಮುಗಿಸುವಾಗ ಮರೆತುಹೋದ ಯಾವುದೋ ಒಂದು ಫೈಲ್ ಬೇಕಾಗುವುದು ಸಾಮಾನ್ಯ. ಅದಾದ ಮೇಲೆ ವಿಂಡೋಸ್‌ನಲ್ಲಿರುವ ಡಿಸ್ಕ್‌ಪಾರ್ಟ್‌ನ ಕ್ಲೀನ್ ಆಲ್ ಆಜ್ಞೆಯಿಂದ ಪೂರ್ತಿ ಸೊನ್ನೆ ಬರೆಯಬಹುದು, ಆಜ್ಞೆ ಕೊಡುವ ಮೊದಲು ಸರಿಯಾದ ಡಿಸ್ಕ್ ಆರಿಸಿದ್ದೀರೆಂದು ಖಚಿತಪಡಿಸಿಕೊಳ್ಳಿ. ಕೈಬಿಟ್ಟ ಸೆಕ್ಟರ್‌ಗಳಿಗೆ ಮಾತ್ರ ಆ ಸೊನ್ನೆಗಳು ತಲುಪುವುದಿಲ್ಲ. ಹಣದ ಲೆಕ್ಕವಿದ್ದ ಡಿಸ್ಕ್ ಆದ್ದರಿಂದ, ಕೊನೆಗೆ ಮುಚ್ಚಳ ಬಿಚ್ಚಿ ತಟ್ಟೆಗಳಿಗೆ ಗೀರು ಹಾಕಿ ಇ-ತ್ಯಾಜ್ಯಕ್ಕೆ ಕೊಡಿ. ಕೆಲವು ಡಿಸ್ಕ್‌ಗಳ ತಟ್ಟೆ ಗಾಜಿನದು, ರಕ್ಷಣೆಯ ಕನ್ನಡಕ ಹಾಕಿಕೊಳ್ಳದೆ ಮಾಡಬೇಡಿ.